ನಮ್ಮ ಊರುಗಳಿಂದ ಹೊರಟ ಮೊಕದ್ದಮೆಗಳು
(ಅತಿಥಿ ಉಪನ್ಯಾಸದ ಬರಹರೂಪ)



ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಹೊಲದ ಬದುವಿನ ಮೇಲೆ ಹುಟ್ಟಿದ ವ್ಯಾಜ್ಯವೊಂದು ಮುನ್ಸೀಫ್ ಕೋರ್ಟಿನಿಂದ ಮೊದಲುಗೊಂಡು ಎರಡು ಮೂರು ತಲೆಮಾರುಗಳನ್ನು ಸವೆಸಿದ ಕಥೆ ನಮ್ಮ ಪ್ರತಿಯೊಂದು ಊರಿನಲ್ಲಿಯೂ ಉಂಟು. ಆ ಗಾದೆಯನ್ನು ನಾವು ಪೆಟ್ಟಿಗೆಯೊಳಗಿನ ಉಪ್ಪಿನಕಾಯಿಯ ಜಾಡಿಯಂತೆ ಜೋಪಾನವಾಗಿ ಈ ದೇಶಕ್ಕೂ ತಂದಿದ್ದೇವೆ. ಆದುದರಿಂದಲೇ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ನಗರಗಳ ಕನ್ನಡ ಮನೆಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ವೈದ್ಯಕೀಯ, ದಂತವೈದ್ಯ, ಇಂಜಿನಿಯರಿಂಗ್, ಲೆಕ್ಕಪರಿಶೋಧನೆ ಎಂಬಲ್ಲಿಗೆ ಪಟ್ಟಿ ಮುಗಿದುಹೋಗುತ್ತದೆ. ಮಗಳೋ ಮಗನೋ ಕಾನೂನು ಓದುವೆನೆಂದರೆ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ.

ವೃತ್ತಿಯಿಂದ ವೈದ್ಯರಾದ ನಾವು ಈ ವಿಷಯವನ್ನು ಕುರಿತು ಮಾತನಾಡಲು ಒಪ್ಪಿಕೊಂಡುದಕ್ಕೆ ಒಂದು ಕಾರಣವಿದೆ. ಈ ದೇಶದಲ್ಲಿ ನಾವು ಇಂದು ಅನುಭವಿಸುತ್ತಿರುವ ಹಕ್ಕುಗಳಲ್ಲಿ ಅನೇಕವು ಪಾರ್ಲಿಮೆಂಟಿನ ಔದಾರ್ಯದಿಂದಷ್ಟೇ ದೊರೆತವಲ್ಲ. ನಾವು ದಿನನಿತ್ಯ ಓಡಾಡುವ ಇದೇ ಊರುಗಳ ಸಾಮಾನ್ಯ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲು ಹತ್ತಿ ಅವುಗಳಿಗೆ ಜೀವ ತುಂಬಿದವು. ಆ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅನಂತರ ಕಾನೂನು ಕಲಿಯಬಯಸುವ ನಮ್ಮ ಮಕ್ಕಳ ಮುಂದಿರುವ ಹಾದಿಗಳನ್ನು ತಿಳಿಸುವುದು ಈ ಉಪನ್ಯಾಸದ ಉದ್ದೇಶ.

ಮೊದಲಿಗೆ ಕಾನೂನೇ ಇಲ್ಲದಿದ್ದ ಕಾಲವನ್ನು ನೆನೆಯೋಣ. 1959ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸಿಖ್ಖರೊಬ್ಬರು ಬಸ್ ಕಂಡಕ್ಟರ್ ಹುದ್ದೆಗೆ ಅರ್ಜಿ ಹಾಕಿದಾಗ ಪೇಟ ಧರಿಸಿ ಕೆಲಸ ಮಾಡುವಂತಿಲ್ಲವೆಂಬ ಉತ್ತರ ಬಂದಿತು. ನಗರಸಭೆ ತನ್ನ ನಿಲುವನ್ನು ಬದಲಿಸಲು 1966ರವರೆಗೆ ಕಾಯಬೇಕಾಯಿತು. ಏಳು ವರ್ಷಗಳ ಆ ಹೋರಾಟವೆಲ್ಲ ಮನವಿ ಪತ್ರಗಳಲ್ಲಿ ಮತ್ತು ಸಮಿತಿಗಳಲ್ಲಿ ನಡೆಯಿತೇ ಹೊರತು, ನ್ಯಾಯಾಲಯಕ್ಕೆ ಕೊಂಡೊಯ್ಯಬಹುದಾದ ಕಾಯಿದೆಯೇ ಇರಲಿಲ್ಲ. ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆದಿಕ್ ಪಟ್ಟಣದಲ್ಲಿ 1964ರ ಚುನಾವಣೆ ವಲಸಿಗರ ಬಣ್ಣದ ಮೇಲೆಯೇ ನಡೆಯಿತೆನ್ನಬಹುದು. 1965ರ ಫೆಬ್ರವರಿಯಲ್ಲಿ ಅಮೆರಿಕದ ಮಾಲ್ಕಮ್ ಎಕ್ಸ್ ಅಲ್ಲಿನ ಮಾರ್ಷಲ್ ಸ್ಟ್ರೀಟಿಗೆ ಬಂದು ಹೋದದ್ದು ಆ ಹಿನ್ನೆಲೆಯಲ್ಲಿ.

ಅದೇ ವರ್ಷ ಮೊದಲ ಜನಾಂಗ ಸಂಬಂಧಗಳ ಕಾಯಿದೆ ಬಂದಿತು. ಅದು ಹೋಟೆಲು, ಚಿತ್ರಮಂದಿರದಂತಹ ಸಾರ್ವಜನಿಕ ಸ್ಥಳಗಳಲ್ಲಿನ ತಾರತಮ್ಯವನ್ನು ನಿಷೇಧಿಸಿತಾದರೂ ಬಾಡಿಗೆ ಮನೆಯನ್ನೂ ಉದ್ಯೋಗವನ್ನೂ ಮುಟ್ಟಲಿಲ್ಲ. 1968ರ ಕಾಯಿದೆ ಅವೆರಡನ್ನೂ ಒಳಗೊಂಡಿತು. ಈ ಮಸೂದೆ ಸಂಸತ್ತಿನ ಮುಂದಿದ್ದಾಗಲೇ, ಏಪ್ರಿಲ್ 20ರಂದು, ಈನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ತಮ್ಮ ಕುಖ್ಯಾತ ಭಾಷಣ ಮಾಡಿದರು. ಮೂರನೆಯದಾದ 1976ರ ಕಾಯಿದೆ ಎರಡು ಮಹತ್ತ್ವದ ಹೆಜ್ಜೆಗಳನ್ನು ಇಟ್ಟಿತು. ತಾರತಮ್ಯಕ್ಕೊಳಗಾದ ವ್ಯಕ್ತಿ ತಾನೇ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದಾಯಿತು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿ ಕಂಡರೂ ಒಂದು ಜನಾಂಗದವರಿಗೆ ಮಾತ್ರ ಅಡ್ಡಿಯಾಗುವ, ಸಮರ್ಥನೆಗೆ ನಿಲ್ಲದ ನಿಯಮ ಕೂಡ ಪರೋಕ್ಷ ತಾರತಮ್ಯವೆಂದು ಅದು ಸಾರಿತು.

ಆದರೆ ಕಾಯಿದೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ನ್ಯಾಯ ಬೀದಿಗಿಳಿಯುವುದಿಲ್ಲ. ಲೀಡ್ಸ್ ನಗರದ ಡೇವಿಡ್ ಒಲುವಾಲೆ ಇದಕ್ಕೆ ಸಾಕ್ಷಿ. 1949ರಲ್ಲಿ ನೈಜೀರಿಯದಿಂದ ಬಂದು, ಮನೆಯಿಲ್ಲದೆ ಬೀದಿಪಾಲಾಗಿದ್ದ ಆತನ ಶವ 1969ರ ಮೇ ತಿಂಗಳಲ್ಲಿ ಏರ್ ನದಿಯಲ್ಲಿ ದೊರೆಯಿತು. 1971ರ ವಿಚಾರಣೆಯಲ್ಲಿ ಇಬ್ಬರು ಪೊಲೀಸ್ ಅಧಿಕಾರಿಗಳಿಗೆ ಹಲ್ಲೆಗಾಗಿ ಸೆರೆವಾಸವಾಯಿತು. ನರಹತ್ಯೆಯ ಆರೋಪ ನಿಲ್ಲಲಿಲ್ಲ. ಇಂದು ಲೀಡ್ಸಿನಲ್ಲಿ ಅದೇ ನದಿಗೆ ಕಟ್ಟಿದ ಕಾಲ್ಸೇತುವೆಯೊಂದಕ್ಕೆ ಆತನ ಹೆಸರಿದೆ. ಬದುಕಿದ್ದಾಗ ಆತನ ಪರವಾಗಿ ಗಟ್ಟಿಯಾಗಿ ಮಾತನಾಡಬಲ್ಲವರು ಇರಲಿಲ್ಲವೆಂಬುದನ್ನು ಕಾನೂನಿನ ವಿದ್ಯಾರ್ಥಿ ಮರೆಯಬಾರದು.

ಇನ್ನು ನಮ್ಮ ಮುಖ್ಯ ಉದಾಹರಣೆಗೆ ಬರೋಣ. 1978ರಲ್ಲಿ ಬರ್ಮಿಂಗ್‌ಹ್ಯಾಮಿನ ಪಾರ್ಕ್ ಗ್ರೋವ್ ಎಂಬ ಖಾಸಗಿ ಶಾಲೆ ಗುರಿಂದರ್ ಸಿಂಗ್ ಮಾಂಡ್ಲಾ ಎಂಬ ಬಾಲಕನಿಗೆ ಪ್ರವೇಶ ನಿರಾಕರಿಸಿತು. ಕೂದಲನ್ನು ಕತ್ತರಿಸಿ ಪೇಟವನ್ನು ತೆಗೆದರೆ ಮಾತ್ರ ಸೇರಿಸಿಕೊಳ್ಳಬಹುದೆಂಬುದು ಮುಖ್ಯೋಪಾಧ್ಯಾಯರ ಷರತ್ತು. ತಂದೆ ಸೇವಾ ಸಿಂಗ್ ಮಾಂಡ್ಲಾ ಅವರು ಸ್ವತಃ ಸಾಲಿಸಿಟರ್. ಬೇರೆ ಶಾಲೆ ಹುಡುಕಿಕೊಂಡು ಸುಮ್ಮನಿರುವುದು ಸುಲಭವಾಗಿತ್ತು. ಅವರು ದಾವೆ ಹೂಡಿದರು. ತೊಡಕು ಎಲ್ಲಿತ್ತೆಂದರೆ, 1976ರ ಕಾಯಿದೆಯಲ್ಲಿ ಬಣ್ಣ, ಜನಾಂಗ, ರಾಷ್ಟ್ರೀಯತೆ, ಬುಡಕಟ್ಟಿನ ಮೂಲ ಇವುಗಳ ಉಲ್ಲೇಖವಿತ್ತೇ ಹೊರತು ಧರ್ಮದ ಉಲ್ಲೇಖವಿರಲಿಲ್ಲ. ಸಿಖ್ಖರು ಒಂದು ಧರ್ಮದವರು ಮಾತ್ರವೋ ಅಥವಾ ಒಂದು ಜನಾಂಗವೂ ಹೌದೋ ಎಂಬುದೇ ಪ್ರಶ್ನೆ. ಬರ್ಮಿಂಗ್‌ಹ್ಯಾಮ್ ಕೌಂಟಿ ಕೋರ್ಟಿನಲ್ಲಿ ಸೋಲು. 1982ರಲ್ಲಿ ಖ್ಯಾತ ನ್ಯಾಯಮೂರ್ತಿ ಲಾರ್ಡ್ ಡೆನ್ನಿಂಗ್ ಅವರಿದ್ದ ಮೇಲ್ಮನವಿ ನ್ಯಾಯಾಲಯದಲ್ಲಿಯೂ ಸೋಲು. 1983ರ ಮಾರ್ಚ್ ತಿಂಗಳಲ್ಲಿ ಅಂದಿನ ಅತ್ಯುಚ್ಚ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ತೀರ್ಪನ್ನು ತಿರುಗಿಸಿತು. ದೀರ್ಘಕಾಲದ ಹಂಚಿಕೊಂಡ ಇತಿಹಾಸ ಮತ್ತು ತನ್ನದೇ ಆದ ಸಾಂಸ್ಕೃತಿಕ ಪರಂಪರೆ ಇವೆರಡು ಮುಖ್ಯ ಲಕ್ಷಣಗಳು. ಸಮಾನ ಭಾಷೆ, ಸಾಹಿತ್ಯ, ಮೂಲಸ್ಥಾನ ಮುಂತಾದವು ಪೂರಕ ಲಕ್ಷಣಗಳು ಎಂದು ಲಾರ್ಡ್ ಫ್ರೇಜರ್ ವಿವರಿಸಿದರು. ಅಷ್ಟರಲ್ಲಿ ಬಾಲಕ ಬೇರೊಂದು ಶಾಲೆಯಲ್ಲಿ ನೆಲೆಗೊಂಡಿದ್ದ. ಆ ತೀರ್ಪಿನಿಂದ ಆತನಿಗೆ ದೊರೆತುದಕ್ಕಿಂತ ಅವನ ನಂತರ ಬಂದ ಸಾವಿರಾರು ಮಕ್ಕಳಿಗೆ ದೊರೆತುದು ಹೆಚ್ಚು. ಧರ್ಮದ ಕಾರಣಕ್ಕಾಗಿ ಉದ್ಯೋಗದಲ್ಲಿ ಮಾಡುವ ತಾರತಮ್ಯ ಸ್ಪಷ್ಟವಾಗಿ ನಿಷಿದ್ಧವಾದದ್ದು 2003ರಲ್ಲಿ. ಎಲ್ಲ ಕಾಯಿದೆಗಳೂ ಒಂದುಗೂಡಿದ್ದು 2010ರ ಸಮಾನತಾ ಕಾಯಿದೆಯಲ್ಲಿ.

ಎರಡನೆಯ ಉದಾಹರಣೆ ವೈದ್ಯರಾದ ನಮಗೆ ಹತ್ತಿರವಾದದ್ದು. ಮ್ಯಾಂಚೆಸ್ಟರಿನ ಸಮೀಪದ ರಾಚ್‌ಡೇಲಿನಲ್ಲಿ ನೆಲೆಸಿದ್ದ ಅನ್ವರ್ ದಿತ್ತಾ ಎಂಬ ತಾಯಿ, ಪಾಕಿಸ್ತಾನದಲ್ಲಿದ್ದ ತನ್ನ ಮೂವರು ಮಕ್ಕಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಆ ಮಕ್ಕಳು ಅವಳವೆಂದು ನಂಬಲಾಗದೆಂದು 1979ರಲ್ಲಿ ಅರ್ಜಿ ತಿರಸ್ಕೃತವಾಯಿತು. 1980ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಕೊನೆಗೆ 1981ರಲ್ಲಿ ದೂರದರ್ಶನ ಕಾರ್ಯಕ್ರಮವೊಂದು ಮಾಡಿಸಿದ ರಕ್ತಪರೀಕ್ಷೆ ಸತ್ಯವನ್ನು ಬೆಳಕಿಗೆ ತಂದು ಮಕ್ಕಳು ತಾಯಿಯ ಮಡಿಲು ಸೇರಿದರು. ಮೂರು ವರ್ಷಗಳ ತರುವಾಯ, 1984ರ ಸೆಪ್ಟೆಂಬರಿನಲ್ಲಿ, ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದರು. ಅದರ ಮೊದಲ ಉಪಯೋಗ ಕೊಲೆಗಾರನನ್ನು ಹಿಡಿಯುವುದಕ್ಕೆ ಆಯಿತೆಂದು ಬಹಳ ಮಂದಿ ಭಾವಿಸುತ್ತಾರೆ. ವಾಸ್ತವವಾಗಿ 1985ರಲ್ಲಿ ಘಾನಾ ಮೂಲದ ಕುಟುಂಬವೊಂದರ ಬಾಲಕ ಅವನ ತಾಯಿಯ ಮಗನೇ ಹೌದೆಂದು ಸಾಧಿಸಿ ಅವನನ್ನು ಈ ದೇಶದಲ್ಲಿ ಉಳಿಸಿದ್ದೇ ಅದರ ಮೊದಲ ಕೆಲಸ. ಪ್ರಯೋಗಾಲಯ ಸತ್ಯವನ್ನು ಹೇಳಬಲ್ಲದು. ಅದನ್ನು ನ್ಯಾಯಾಲಯದ ಭಾಷೆಯಲ್ಲಿ ಮಂಡಿಸಲು ವಕೀಲ ಬೇಕು. ವಿಜ್ಞಾನದಲ್ಲಿ ಆಸಕ್ತಿಯಿರುವ ಮಗುವಿಗೆ ಕಾನೂನು ದೂರದ್ದೆಂದು ಯಾರೂ ತಿಳಿಯಬೇಕಾಗಿಲ್ಲ.

ಮೂರನೆಯದನ್ನು ಹೇಳುವಾಗ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. 2006ರ ಏಪ್ರಿಲ್ ತಿಂಗಳವರೆಗೆ ಭಾರತದಿಂದ ಬರುವ ವೈದ್ಯರು ಕೆಲಸದ ಪರವಾನಗಿಯಿಲ್ಲದೆಯೇ ಇಲ್ಲಿನ ಆಸ್ಪತ್ರೆಗಳಲ್ಲಿ ತರಬೇತಿ ಹುದ್ದೆ ಪಡೆಯಬಹುದಾಗಿತ್ತು. ಸರ್ಕಾರ ಆ ಅನುಕೂಲವನ್ನು ಹಠಾತ್ತನೆ ನಿಲ್ಲಿಸಿತು. ಉನ್ನತ ಕೌಶಲದ ವಲಸಿಗರ ಯೋಜನೆ, ಅಂದರೆ ಎಚ್.ಎಸ್.ಎಂ.ಪಿ. ಅಡಿಯಲ್ಲಿ ಅನುಮತಿ ಪಡೆದಿದ್ದವರಿಗಾದರೂ ದಾರಿ ತೆರೆದಿದೆ ಎಂದುಕೊಳ್ಳುವಷ್ಟರಲ್ಲಿ, ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಒಂದು ಸೂಚನೆ ಕಳುಹಿಸಿತು. ತರಬೇತಿ ಮುಗಿಯುವ ಮುನ್ನ ವಾಸ್ತವ್ಯದ ಅವಧಿ ಮುಗಿಯುವಂತಹವರನ್ನು, ಸ್ಥಳೀಯರೂ ಐರೋಪ್ಯರೂ ದೊರೆಯದಿದ್ದರೆ ಮಾತ್ರ ಪರಿಗಣಿಸಬೇಕೆಂಬುದು ಅದರ ಸಾರ.

ಆ ವರ್ಷ ಕರ್ನಾಟಕದ ಕಿರಿಯ ವೈದ್ಯರೊಬ್ಬರು ಕೆಲವು ತಿಂಗಳು ನಮ್ಮ ಮನೆಯಲ್ಲಿ ತಂಗಿದ್ದರು. ಎಚ್.ಎಸ್.ಎಂ.ಪಿ. ಅನುಮತಿ ಅವರ ಕೈಯಲ್ಲಿತ್ತು. ಅರ್ಜಿಗಳಿಗೆ ಮಾತ್ರ ಉತ್ತರವಿರಲಿಲ್ಲ. ಭಾರತೀಯ ಮೂಲದ ವೈದ್ಯರ ಸಂಘವಾದ ಬಾಪಿಯೋ ಸರ್ಕಾರದ ಮೇಲೆ ದಾವೆ ಹೂಡಿದೆ, ಸ್ವಲ್ಪ ಕಾದು ನೋಡಲೇ ಎಂದು ಅವರು ನಮ್ಮನ್ನು ಕೇಳಿದರು. ಸರ್ಕಾರದೊಡನೆ ಸೆಣಸುವುದು ಬಂಡೆಗೆ ತಲೆ ಚಚ್ಚಿಕೊಂಡಂತೆ, ಊರಿಗೆ ಹೊರಡಿ ಎಂದು ನಾವು ಬುದ್ಧಿ ಹೇಳಿದೆವು. ಅವರು ಹೊರಟುಹೋದರು. 2007ರ ಫೆಬ್ರವರಿಯಲ್ಲಿ ಹೈಕೋರ್ಟಿನಲ್ಲಿ ಸಂಘ ಸೋತಾಗ ನಮ್ಮ ಬುದ್ಧಿವಾದ ಸರಿಯಾಯಿತೆಂದೇ ಭಾವಿಸಿದ್ದೆವು. ಅದೇ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸೂಚನೆ ಕಾನೂನುಬಾಹಿರವೆಂದಿತು. 2008ರ ಏಪ್ರಿಲ್ 30ರಂದು ಹೌಸ್ ಆಫ್ ಲಾರ್ಡ್ಸ್ ನಾಲ್ಕು ಮತ ಒಂದರಂತೆ ಅದನ್ನೇ ಎತ್ತಿಹಿಡಿಯಿತು.

ವಾದದ ತಿರುಳು ಸರಳವಾದದ್ದು. ವಲಸೆಯ ನಿಯಮಗಳನ್ನು ಪಾರ್ಲಿಮೆಂಟಿನ ಮುಂದಿಟ್ಟೇ ಬದಲಿಸಬೇಕೆಂದು 1971ರ ಕಾಯಿದೆ ಹೇಳುತ್ತದೆ. ನಿಯಮ ಕೊಟ್ಟ ಹಕ್ಕನ್ನು ಇನ್ನೊಂದು ಇಲಾಖೆಯ ಸುತ್ತೋಲೆ ಹಿತ್ತಿಲ ಬಾಗಿಲಿನಿಂದ ಕಸಿದುಕೊಳ್ಳಲಾಗದು. ತರಬೇತಿಯ ಹಳೆಯ ಅನುಕೂಲವನ್ನು ಸಮಾಲೋಚನೆಯಿಲ್ಲದೆ ರದ್ದುಮಾಡಿದ್ದು ತಪ್ಪೆಂಬ ವಾದ ಗೆಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಅರ್ಧ ಸೋತು ಅರ್ಧ ಗೆದ್ದ ಮೊಕದ್ದಮೆ ಅದು. ಅದೇ 2008ರ ಏಪ್ರಿಲಿನಲ್ಲಿ ಎಚ್.ಎಸ್.ಎಂ.ಪಿ. ವೇದಿಕೆಯ ಇನ್ನೊಂದು ಮೊಕದ್ದಮೆಯಲ್ಲಿ, ಈಗಾಗಲೇ ಯೋಜನೆಯೊಳಗಿದ್ದವರ ಮೇಲೆ ಹೊಸ ಷರತ್ತುಗಳನ್ನು ಹಿಂದಿನಿಂದ ಹೇರಲಾಗದೆಂದು ಹೈಕೋರ್ಟು ತೀರ್ಪಿತ್ತಿತು. ನಮ್ಮ ಮನೆಯಿಂದ ಹೊರಟ ವೈದ್ಯರು ಊರಿನಲ್ಲಿಯೇ ನೆಲೆಗೊಂಡು ಚೆನ್ನಾಗಿಯೇ ಇದ್ದಾರೆ. ಆದರೂ ಆ ಗಾದೆಯ ಮಾತನ್ನು ನಂಬಿ ಅವರ ಆಯ್ಕೆಯನ್ನು ನಾವು ಕಿರಿದುಗೊಳಿಸಿದೆವೆಂಬ ಭಾವನೆ ಇಂದಿಗೂ ಉಳಿದಿದೆ.

ನಾಲ್ಕನೆಯ ಮೊಕದ್ದಮೆ ಒಂದೇ ಒಂದು ಪದದ ಮೇಲೆ ನಿಂತದ್ದು. ನ್ಯೂಕ್ಯಾಸಲ್‌ನ ದೇವೇಂದರ್ ಘಾಯ್ ಅವರು ತಮ್ಮ ಅಂತ್ಯಸಂಸ್ಕಾರ ಹಿಂದೂ ಪದ್ಧತಿಯಂತೆ ಚಿತೆಯ ಮೇಲೆ ಆಗಬೇಕೆಂದು ಬಯಸಿದರು. 1902ರ ಶವದಹನ ಕಾಯಿದೆಯ ಪ್ರಕಾರ ದಹನ ನಡೆಯಬೇಕಾದದ್ದು ಕಟ್ಟಡದಲ್ಲಿ. 2009ರಲ್ಲಿ ಹೈಕೋರ್ಟಿನಲ್ಲಿ ಅವರು ಸೋತರು. 2010ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಕಟ್ಟಡವೆಂಬ ಪದಕ್ಕೆ ಸಂಕುಚಿತ ಅರ್ಥ ಕೂಡದೆಂದೂ, ಬಿಸಿಲು ಬೀಳುವಂತೆ ತೆರೆದಿರುವ ರಚನೆಯೂ ಕಟ್ಟಡವಾಗಬಲ್ಲದೆಂದೂ ಹೇಳಿತು. ಪರಿಸರ ಮತ್ತು ಯೋಜನಾ ಅನುಮತಿಯ ಪ್ರಶ್ನೆಗಳು ಉಳಿದುಕೊಂಡವು. ಒಂದು ಪದದ ಅರ್ಥವನ್ನು ಹಿಡಿದು ಇಷ್ಟು ದೂರ ಹೋಗಬಹುದೆಂದರೆ, ಪದಾರ್ಥ ಚಿಂತನೆಯಲ್ಲಿ ಪಳಗಿದ ನಮ್ಮ ಶಾಸ್ತ್ರಪರಂಪರೆಯ ಮನೆಗಳಿಗೆ ಈ ವಿದ್ಯೆ ಪರಕೀಯವೆನ್ನಲಾದೀತೇ?

ಕಾನೂನು ನಮ್ಮ ಕಡೆಗೂ ಬೆರಳು ತೋರಬಲ್ಲದು. 2014ರಲ್ಲಿ ಭಾರತೀಯ ಮೂಲದ ಕುಟುಂಬವೊಂದರಲ್ಲಿ ಮನೆಗೆಲಸಕ್ಕಿದ್ದ ಮಹಿಳೆಯೊಬ್ಬಳು ಜಾತಿಯ ಕಾರಣಕ್ಕೆ ತಾರತಮ್ಯವಾಯಿತೆಂದು ದೂರಿದಾಗ, ಜಾತಿಯೂ ಜನಾಂಗೀಯ ಮೂಲದ ವ್ಯಾಪ್ತಿಗೆ ಬರಬಹುದೆಂದು ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. ಬರ್ಮಿಂಗ್‌ಹ್ಯಾಮಿನ ಬಾಲಕನ ಪೇಟವನ್ನು ಕಾಪಾಡಿದ ತತ್ತ್ವವೇ ಅಲ್ಲಿ ಆಧಾರವಾಯಿತು. ನಮಗೆ ಬೇಕಾದಾಗ ನ್ಯಾಯವನ್ನು ಕೇಳಿ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಅದನ್ನು ತಡೆಯುವುದು ಬಸವಣ್ಣನವರ ನಾಡಿನವರಿಗೆ ಒಪ್ಪುವ ನಡತೆಯಲ್ಲ.

ಎಲ್ಲ ದಾವೆಗಳೂ ಗೆಲ್ಲುವುದಿಲ್ಲ. ಕುಟುಂಬ ವೈದ್ಯರ ಪರೀಕ್ಷೆಯಲ್ಲಿ ವಿದೇಶಗಳಲ್ಲಿ ಓದಿದವರೂ ಅಲ್ಪಸಂಖ್ಯಾತರೂ ಹೆಚ್ಚಾಗಿ ಅನುತ್ತೀರ್ಣರಾಗುತ್ತಿದ್ದಾರೆಂದು ಬಾಪಿಯೋ ತಂದ ಮೊಕದ್ದಮೆ 2014ರ ಏಪ್ರಿಲಿನಲ್ಲಿ ವಜಾ ಆಯಿತು. ಸೋಲನ್ನು ಓದಿ ಅದರಿಂದ ಕಲಿಯುವುದೂ ಕಾನೂನಿನ ವಿದ್ಯಾಭ್ಯಾಸದ ಭಾಗವೇ.

ಇನ್ನು ಕಿರಿಯರಿಗೆ ಕೆಲವು ಸಲಹೆಗಳು. ಇಂಗ್ಲೆಂಡಿನಲ್ಲಿ ವಕೀಲಿಯ ಕವಲುಗಳು ಮುಖ್ಯವಾಗಿ ಎರಡು. ಕಕ್ಷಿದಾರರನ್ನು ನೇರವಾಗಿ ನೋಡಿ, ದಾಖಲೆಗಳನ್ನು ಸಿದ್ಧಪಡಿಸಿ, ಮೊಕದ್ದಮೆಯನ್ನು ನಡೆಸಿಕೊಂಡು ಹೋಗುವವರು ಸಾಲಿಸಿಟರು. ಪ್ರಧಾನವಾಗಿ ನ್ಯಾಯಾಲಯದಲ್ಲಿ ವಾದ ಮಂಡಿಸುವವರು ಬ್ಯಾರಿಸ್ಟರು. ನಮ್ಮ ವೃತ್ತಿಯ ಹೋಲಿಕೆಯಲ್ಲಿ ಹೇಳುವುದಾದರೆ ಒಬ್ಬರು ಕುಟುಂಬ ವೈದ್ಯರಂತೆ, ಇನ್ನೊಬ್ಬರು ಅವರು ಕಳುಹಿಸಿದ ರೋಗಿಯನ್ನು ನೋಡುವ ತಜ್ಞರಂತೆ.

ಸಾಲಿಸಿಟರಾಗುವ ಕ್ರಮ 2021ರ ಸೆಪ್ಟೆಂಬರಿನಿಂದ ಬದಲಾಗಿದೆ. ಯಾವುದಾದರೂ ವಿಷಯದಲ್ಲಿ ಪದವಿ ಅಥವಾ ಅದಕ್ಕೆ ಸಮಾನವಾದ ಅರ್ಹತೆ, ಎಸ್.ಕ್ಯು.ಇ. ಎಂಬ ಎರಡು ಹಂತದ ಪರೀಕ್ಷೆ, ಎರಡು ವರ್ಷಗಳ ಅರ್ಹ ಕೆಲಸದ ಅನುಭವ, ನಡತೆಯ ಪರಿಶೀಲನೆ ಇವು ನಾಲ್ಕು ಮೆಟ್ಟಿಲುಗಳು. ಮೊದಲ ಹಂತದಲ್ಲಿ ತಲಾ 180 ಬಹುಆಯ್ಕೆಯ ಪ್ರಶ್ನೆಗಳ ಎರಡು ಪತ್ರಿಕೆಗಳು; ಎರಡನೆಯ ಹಂತದಲ್ಲಿ 12 ಲಿಖಿತ, 4 ಮೌಖಿಕ ಕಾರ್ಯಗಳು. ಕೆಲಸದ ಅನುಭವವನ್ನು ನಾಲ್ಕು ಸಂಸ್ಥೆಗಳವರೆಗೆ ಹಂಚಿಕೊಂಡು ಪಡೆಯಬಹುದು. ವಿಶ್ವವಿದ್ಯಾನಿಲಯದ ಉಚಿತ ಕಾನೂನು ಸಲಹಾ ಕೇಂದ್ರದಲ್ಲಿ ಮಾಡಿದ ಕೆಲಸವೂ ಲೆಕ್ಕಕ್ಕೆ ಬರಬಲ್ಲದು. ಆದುದರಿಂದ ಮೊದಲ ವರ್ಷದಿಂದಲೇ ಮಾಡಿದ ಕೆಲಸವನ್ನು ದಿನಚರಿಯಲ್ಲಿ ಬರೆದಿಡಿ. ಶಾಲೆ ಮುಗಿಸಿದ ಕೂಡಲೇ ಸಂಬಳ ಪಡೆಯುತ್ತ, ಸುಮಾರು ಆರು ವರ್ಷಗಳಲ್ಲಿ ಸಾಲಿಸಿಟರಾಗುವ ಶಿಷ್ಯವೃತ್ತಿಯ ಮಾರ್ಗವೂ ಇದೆ. ಅದನ್ನು ಕೀಳೆಂದು ತಾಯಿತಂದೆಯರು ತಳ್ಳಿಹಾಕಬಾರದು.

ಬ್ಯಾರಿಸ್ಟರಾಗಬಯಸುವವರು ಕಾನೂನು ಪದವಿಯನ್ನೋ, ಬೇರೆ ಪದವಿಯ ಮೇಲೆ ಪರಿವರ್ತನಾ ಶಿಕ್ಷಣವನ್ನೋ ಮುಗಿಸಿ, ಲಂಡನ್ನಿನ ನಾಲ್ಕು ಇನ್‌ಗಳಲ್ಲಿ ಒಂದಕ್ಕೆ ಸೇರಿ, ವೃತ್ತಿ ಶಿಕ್ಷಣವನ್ನೂ ಅನಂತರ 12 ತಿಂಗಳ ಪ್ಯೂಪಿಲೇಜನ್ನೂ ಪೂರೈಸಬೇಕು. ಈ ಕೊನೆಯ ಬಾಗಿಲು ಬಹಳ ಇಕ್ಕಟ್ಟಾದದ್ದು. ಇನ್‌ಗಳು ಕೊಡುವ ವಿದ್ಯಾರ್ಥಿವೇತನಗಳಿಗೆ ಮೊದಲೇ ಅರ್ಜಿ ಹಾಕಿ. ಸಾಲಮಾಡಿ ಶಿಕ್ಷಣ ಮುಗಿಸಿದ ಮೇಲೆ ದಾರಿ ಹುಡುಕುವುದು ಬೇಡ. ವೃತ್ತಿಗಾಗಿ ಲಂಡನ್ನಿಗೇ ಹೋಗಬೇಕೆಂದಿಲ್ಲ. ಬರ್ಮಿಂಗ್‌ಹ್ಯಾಮಿಗೆ ಮಿಡ್‌ಲ್ಯಾಂಡ್ ಸರ್ಕ್ಯೂಟ್, ಮ್ಯಾಂಚೆಸ್ಟರಿಗೆ ನಾರ್ದರ್ನ್ ಸರ್ಕ್ಯೂಟ್, ಲೀಡ್ಸ್‌ಗೆ ನಾರ್ತ್ ಈಸ್ಟರ್ನ್ ಸರ್ಕ್ಯೂಟ್ ಇವೆ. ಈ ಮೂರೂ ನಗರಗಳಲ್ಲಿ ದೊಡ್ಡ ವಾಣಿಜ್ಯ ವ್ಯಾಜ್ಯಗಳೂ ನಡೆಯುತ್ತವೆ.

ಕ್ಷೇತ್ರವನ್ನು ಆರಿಸುವಾಗ ಅಗತ್ಯವನ್ನೂ ನೋಡಿ. 2013ರ ಏಪ್ರಿಲಿನಿಂದ ವಲಸೆ, ಕುಟುಂಬ, ವೈದ್ಯಕೀಯ ನಿರ್ಲಕ್ಷ್ಯದ ಬಹುಪಾಲು ಮೊಕದ್ದಮೆಗಳಿಗೆ ಸರ್ಕಾರದ ಕಾನೂನು ನೆರವು ನಿಂತುಹೋಯಿತು. ಕೈಯಲ್ಲಿ ಹಣವಿಲ್ಲದವರಿಗೆ ಈಗ ಒಳ್ಳೆಯ ವಕೀಲರು ಸಿಗುವುದು ಕಷ್ಟ. ವೈದ್ಯರ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ವೈದ್ಯಕೀಯ ಕಾನೂನು ಸಹಜವಾಗಿ ಒಲಿಯಬಹುದು. ಅಪಾಯಗಳನ್ನು ರೋಗಿಗೆ ವಿವರಿಸಿಯೇ ಚಿಕಿತ್ಸೆ ನಡೆಯಬೇಕೆಂದ 2015ರ ಮಾಂಟ್ಗೊಮೆರಿ ತೀರ್ಪು ನಮ್ಮೆಲ್ಲರ ವೃತ್ತಿಯನ್ನೇ ಬದಲಿಸಿತು.

ಊರಿಗೆ ಮರಳಿ ವಕೀಲಿ ಮಾಡುವ ಆಸೆ ಕೆಲವರಿಗಿರಬಹುದು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಐದು ವರ್ಷಗಳ ಶಿಕ್ಷಣವನ್ನು ಆರಂಭಿಸಿದ ಮೇಲೆ ಭಾರತದ ಕಾನೂನು ವಿದ್ಯಾಭ್ಯಾಸದ ಮುಖವೇ ಬದಲಾಯಿತು. ಆದರೆ 1961ರ ವಕೀಲರ ಕಾಯಿದೆಯ ಪ್ರಕಾರ ನ್ಯಾಯವಾದಿಯಾಗಿ ನೋಂದಾಯಿಸಿಕೊಳ್ಳಲು ಸಾಮಾನ್ಯವಾಗಿ ಭಾರತೀಯ ಪೌರತ್ವ ಬೇಕು. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದ ಮಕ್ಕಳು ಇದನ್ನು ವಿಚಾರಿಸಿಕೊಂಡೇ ಹೆಜ್ಜೆಯಿಡಬೇಕು. ಅಲ್ಲಿ ವಕೀಲರಾಗಿರುವ ನಮ್ಮ ಬಂಧುಗಳು ಇಲ್ಲಿಗೆ ಬಂದರೆ ಅವರಿಗೂ ಎಸ್.ಕ್ಯು.ಇ. ಮಾರ್ಗವುಂಟು, ಅನುಭವವನ್ನು ನೋಡಿ ಕೆಲವು ವಿನಾಯಿತಿಗಳೂ ದೊರೆಯಬಹುದು.

ತಾಯಿತಂದೆಯರಿಗೆ ಕೊನೆಯ ಒಂದು ವಿನಂತಿ. ಇಲ್ಲಿನ ನ್ಯಾಯಾಲಯಗಳ ಬಾಗಿಲು ಸಾರ್ವಜನಿಕರಿಗೆ ತೆರೆದಿದೆ, ಪ್ರವೇಶಶುಲ್ಕವಿಲ್ಲ. ಹದಿನಾಲ್ಕು ದಾಟಿದ ಮಗಳನ್ನೋ ಮಗನನ್ನೋ ರಜೆಯ ಒಂದು ದಿನ ಲೀಡ್ಸಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳ್ಳಿರಿಸಿ. ಒಂದು ದಿನ ಕೇಳಿದ ಮೇಲೆ ಈ ವಿದ್ಯೆ ತನ್ನದೋ ಅಲ್ಲವೋ ಎಂಬುದು ಆ ಮಗುವಿಗೇ ತಿಳಿಯುತ್ತದೆ.

ಗೆದ್ದವನು ಸೋತ ಎಂಬ ಗಾದೆ ಬದುವಿನ ಜಗಳಕ್ಕೆ ಇಂದಿಗೂ ಸರಿಯಿರಬಹುದು. ಆದರೆ ಆ ಸಾಲಿಸಿಟರ್ ತಂದೆ, ರಾಚ್‌ಡೇಲಿನ ಆ ತಾಯಿ ಅದನ್ನು ನಂಬಿ ಮನೆಯಲ್ಲೇ ಕುಳಿತಿದ್ದರೆ ನಾವಿಂದು ಈ ಸಭೆಯಲ್ಲಿ ಇಷ್ಟು ನಿರಾಳವಾಗಿ ಕುಳಿತಿರುತ್ತಿರಲಿಲ್ಲ. ಮುಂದೆ ಇನ್ನೊಬ್ಬ ಕಿರಿಯರು ನಮ್ಮ ಮನೆಯ ಮೇಜಿನ ಮುಂದೆ ಕುಳಿತು ಕಾದು ನೋಡಲೇ ಎಂದು ಕೇಳಿದಾಗ, ಉತ್ತರ ಹೇಳುವ ಮೊದಲು ಬಳಗದ ವಕೀಲರೊಬ್ಬರಿಗೆ ದೂರವಾಣಿ ಮಾಡುವಂತಾಗಲಿ ಎಂಬುದೇ ನಮ್ಮ ಹಾರೈಕೆ.